ಶಿಶುವೂ ಬಲ್ಲ ರಸ

ಗಾನರಸವನ್ನು ಶಿಶುವೂ ಪಶುವೂ ಸರ್ಪವೂ ಅರಿಯಬಲ್ಲವೆಂದು ಹಿರಿಯರು ಹೇಳುತ್ತ ಬಂದಿರುವ ಸುಭಾಷಿತವು, ಶೋಕದ ಪದವೊಂದು ಬಂದೊಡನೆ ಕಂಠವನ್ನು ನಡುಗಿಸಿ, ಬಿಕ್ಕಿ, ಶ್ರುತಿಯನ್ನೂ ಸಡಿಲಬಿಟ್ಟು ಹಾಡುವುದೇ ಭಾವಪೂರ್ಣ ಗಾಯನವೆಂದು ಸಭೆಗಳಲ್ಲಿ ಮನ್ನಣೆ ಪಡೆಯುತ್ತಿರುವ ಈ ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುತ್ತಿದೆ.

ಹಾವಿಗೆ ಹೊರಗಿವಿಯೇ ಇಲ್ಲವೆಂದು ಈ ಮಾತನ್ನು ತಳ್ಳಿಹಾಕುವವರು ಸುಭಾಷಿತವನ್ನು ಪ್ರಾಣಿಶಾಸ್ತ್ರವೆಂದು ಓದುತ್ತಾರೆ. ಪಶುವೂ ಬಲ್ಲದ್ದಕ್ಕೆ ಅಭ್ಯಾಸವೇಕೆನ್ನುವವರು ಸವಿಯುವವನ ಸುಖವನ್ನೂ ಉಣಬಡಿಸುವವನ ಹೊಣೆಯನ್ನೂ ಒಂದೇ ಎಂದೆಣಿಸುತ್ತಾರೆ. ಮಾತಿನ ಮರ್ಮವೆಲ್ಲ ಶಿಶುವಿನಲ್ಲಿದೆ. ಅದಕ್ಕೆ ಪದಗಳ ಅರ್ಥ ತಿಳಿಯದು, ಇರುಳಿನಲ್ಲಿ ತಾಯಿಯ ಮುಖವೂ ಕಾಣದು. ಆದರೂ ನೀಲಾಂಬರಿಯ ಜೋಗುಳವು, ಸ್ವರದಿಂದ ಸ್ವರಕ್ಕೆ ಅವಸರವಿಲ್ಲದೆ ಇಳಿಯುವ ತನ್ನ ನಡೆಯೊಂದರಿಂದಲೇ, ಅದನ್ನು ಸಂತೈಸಿ ಮಲಗಿಸುತ್ತದೆ. ಅಂದಮೇಲೆ ಭಾವವು ನೆಲಸಿರುವುದು ನಾದದ ಸಂಚಾರದಲ್ಲಿಯೇ ಎಂದು ಒಪ್ಪಬೇಡವೆ? ತೋಡಿಯ ಗಾಂಧಾರದಿಂದ ಆಂದೋಲನವನ್ನು ಕಳೆದು ನೆಟ್ಟಗೆ ನಿಲ್ಲಿಸಿದರೆ ಸ್ವರಸ್ಥಾನ ಉಳಿದೀತು, ತೋಡಿಯ ಆರ್ತತೆ ಉಳಿಯದು. ಆ ನಷ್ಟವನ್ನು ಗಾಯಕನ ಮುಖದ ಯಾವ ವಿಕಾರವೂ ತುಂಬಿಕೊಡಲಾರದು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಕರುಣಕ್ಕೆ ಗಾಂಧಾರ ನಿಷಾದಗಳನ್ನೂ, ಶೃಂಗಾರ ಹಾಸ್ಯಗಳಿಗೆ ಮಧ್ಯಮ ಪಂಚಮಗಳನ್ನೂ ಹೇಳಿದನು. ಆ ವಿಂಗಡಣೆಯನ್ನು ಇಂದಿನ ರಾಗಗಳಿಗೆ ಯಥಾವತ್ತಾಗಿ ಹೊಂದಿಸಲಾಗದಿದ್ದರೂ, ರಸವನ್ನು ಸ್ವರದಲ್ಲಿಯೇ ಅರಸಿದ ಅವನ ದೃಷ್ಟಿ ಹಳತಾಗಿಲ್ಲ.

ಗಾಯಕನಿಗೆ ಮಧುರಕಂಠವಿದ್ದರೇ ಭಾವ ಹೊಮ್ಮೀತೆಂಬ ನಂಬಿಕೆಯೂ ನಿಲ್ಲತಕ್ಕದ್ದಲ್ಲ. ಕುಂದಗೋಳದಲ್ಲಿ ಸವಾಯಿ ಗಂಧರ್ವರಿಂದ ಶಿಕ್ಷಣ ಪಡೆದ ಗಂಗೂಬಾಯಿ ಹಾನಗಲ್ (1913-2009) ಅವರ ಕಂಠವು ಗಂಟಲಿನ ಚಿಕಿತ್ಸೆಯ ಅನಂತರ ಗಂಡುದನಿಯಷ್ಟು ಗಂಭೀರವಾಯಿತು; ಆ ಕಂಠದಲ್ಲಿಯೇ, ಕಿರಾಣಾ ಪದ್ಧತಿಯಂತೆ ಒಂದೊಂದು ಸ್ವರವನ್ನೂ ನಿಧಾನವಾಗಿ ಬೆಳಸುತ್ತ, ಅವರು ಶ್ರೋತೃಗಳ ಹೃದಯವನ್ನು ಕರಗಿಸಿದರು.

ಕೇಳುವವರನ್ನು ಕರಗಿಸಲು ಹಾಡುವವನೇ ಅಳಬೇಕೆಂದೂ ಇಲ್ಲ; ಕಾವ್ಯವನ್ನು ರಾಗದಲ್ಲಿ ವಾಚಿಸುವ ನಮ್ಮ ಗಮಕಿಗಳನ್ನು ನೋಡಿ. ಕುಮಾರವ್ಯಾಸನ ಸಭಾಪರ್ವವನ್ನು ವಾಚಿಸುವವನು ದ್ರೌಪದಿಯ ಮೊರೆಯನ್ನು ನಾದನಾಮಕ್ರಿಯೆಯಲ್ಲಿ ನುಡಿಸಿ, ಅದರ ಬೆನ್ನಿಗೇ ಭೀಮನ ಕ್ರೋಧಕ್ಕೆ ತಕ್ಕ ರಾಗವನ್ನೆತ್ತಬೇಕು. ಕೇಳುವವರು ಕಣ್ಣೊರಸಿಕೊಳ್ಳುತ್ತಿರುವಾಗಲೂ ಅವನ ಲಕ್ಷ್ಯವು ಷಟ್ಪದಿಯ ಗತಿಯಲ್ಲಿ, ಪದಚ್ಛೇದದಲ್ಲಿ, ಮುಂದಿನ ರಾಗದ ಎತ್ತುಗಡೆಯಲ್ಲಿ ಇರಬೇಕು. ಅಲ್ಲಿ ಅವನೇ ಗದ್ಗದಿತನಾಗಿ ನಿಂತರೆ ದುಶ್ಶಾಸನನ ಮಾತನ್ನು ಆಡುವವರಾರು, ಭೀಮನ ಪ್ರತಿಜ್ಞೆಯನ್ನು ಕೇಳಿಸುವವರಾರು?