ಗಂಡಸುತನ ಯಾರ ಗಳಿಕೆ?

‘ಗಂಡಸಾದರೆ ಬಾ’ ಎಂಬ ಸವಾಲು ನಮ್ಮ ಮಲೆನಾಡಿನ ಜಗಳಗಳಲ್ಲೂ ಕೇಳುತ್ತದೆ. ಮಕ್ಕಳಾಗದಾಗ ಹೆಂಡತಿ ಹತ್ತು ಸಲ ಡಾಕ್ಟರ ಬಳಿ ಹೋಗಿಬಂದರೂ ಗಂಡ ಒಮ್ಮೆಯೂ ಪರೀಕ್ಷೆ ಮಾಡಿಸಿಕೊಳ್ಳದಿರುವುದುಂಟು. ಅದರ ಹಿಂದೆ ಇರುವುದೂ ಇದೇ ಬಿಂಕ. ಆದರೆ ಗಂಡಸುತನ ಒಬ್ಬನ ಸ್ವಂತ ಗಳಿಕೆಯೇ?

ವೃಷಣ ರೂಪುಗೊಳ್ಳುವ ಬಗೆಯನ್ನು ಓದಿದಾಗ ನನಗೆ ಹಾಗನ್ನಿಸುವುದಿಲ್ಲ. ಗರ್ಭದ ಸುಮಾರು 6ನೇ ವಾರದವರೆಗೆ ಎಲ್ಲ ಭ್ರೂಣಗಳಲ್ಲೂ ಇರುವುದು ಒಂದೇ ಬಗೆಯ ಗ್ರಂಥಿ. ಅದು ವೃಷಣವೂ ಆಗಬಲ್ಲದು, ಅಂಡಾಶಯವೂ ಆಗಬಲ್ಲದು. 1990ರಲ್ಲಿ ವೈ ವರ್ಣತಂತುವಿನಲ್ಲಿ ಗುರುತಿಸಲಾದ ಎಸ್‌ಆರ್‌ವೈ ಜೀನು ಚಾಲನೆಯನ್ನಷ್ಟೇ ಕೊಡುತ್ತದೆ. ಆಮೇಲಿನದು ಜೀವಕೋಶಗಳ ಮಾತುಕತೆ. ಸರ್ಟೋಲಿ ಕೋಶಗಳು ತಮ್ಮತಮ್ಮಲ್ಲಿ ಸಂಕೇತ ಕಳಿಸಿಕೊಂಡು ಒಗ್ಗೂಡುತ್ತವೆ. ಅಂಡಾಶಯದತ್ತ ಎಳೆಯುವ ಸಂಕೇತಗಳನ್ನು ಅಡಗಿಸುತ್ತವೆ. ಲೇಡಿಗ್ ಕೋಶಗಳು ಬೆಳೆಯುವಂತೆ ನೆರೆಯವಕ್ಕೆ ಹೇಳಿಕಳಿಸುತ್ತವೆ. ಟೆಸ್ಟೋಸ್ಟೆರೋನ್ ತಯಾರಿಸುವುದು ಈ ಲೇಡಿಗ್ ಕೋಶಗಳೇ. ಮೊದಮೊದಲು ಅವನ್ನು ಹುರಿದುಂಬಿಸುವುದು ಮಾಸಿನಿಂದ ಬರುವ ಹಾರ್ಮೋನು. ಗರ್ಭಿಣಿಯ ಮೂತ್ರಪರೀಕ್ಷೆಯಲ್ಲಿ ಕಾಣುವುದೂ ಅದೇ.

ಹೇಳುವವರಿದ್ದರೆ ಸಾಲದು, ಕೇಳುವವರೂ ಬೇಕು. ಹಾರ್ಮೋನು ಧಾರಾಳವಾಗಿದ್ದರೂ ಅದನ್ನು ಹಿಡಿಯುವ ಗ್ರಾಹಕ ಪೂರ್ತಿ ಕೆಲಸ ಮಾಡದಿದ್ದರೆ ವೈ ಇರುವ ಮಗುವೂ ಹೆಣ್ಣಿನ ಹೊರರೂಪದಲ್ಲೇ ಹುಟ್ಟುತ್ತದೆ. ಇಷ್ಟೆಲ್ಲ ಆದಮೇಲೂ ಕೆಲಸ ಮುಗಿಯುವುದಿಲ್ಲ. ಡಿಎಂಆರ್‌ಟಿ1 ಎಂಬ ಜೀನನ್ನು ತೆಗೆದರೆ ಬೆಳೆದ ಗಂಡು ಇಲಿಯ ಸರ್ಟೋಲಿ ಕೋಶಗಳೂ ಅಂಡಾಶಯದ ಕೋಶಗಳಂತಾಗುತ್ತವೆ ಎಂದು 2011ರಲ್ಲಿ ವಿಜ್ಞಾನಿಗಳು ತೋರಿಸಿದರು. ಮೈಕಟ್ಟಿಗಾಗಿ ಹೊರಗಿನಿಂದ ಟೆಸ್ಟೋಸ್ಟೆರೋನ್ ಚುಚ್ಚಿಸಿಕೊಂಡರೆ ಪಿಟ್ಯುಟರಿ ತನ್ನ ಸಂಕೇತವನ್ನು ಇಳಿಸುತ್ತದೆ, ವೃಷಣ ಕುಗ್ಗುತ್ತದೆ.

ಹಾಗಾದರೆ ಗಂಡು–ಹೆಣ್ಣೆಂಬ ಭೇದವೇ ಸುಳ್ಳೇ? ಅಲ್ಲ. ಭೇದ ನಿಜ. ಹೇಗೆ ಬಾಳಬೇಕೆಂದು ಜೀವಕೋಶ ನಮಗೆ ಹೇಳಿಕೊಡುವುದೂ ಇಲ್ಲ. ಆದರೆ ನಾವು ಮಾಡದ ಕೆಲಸಕ್ಕೆ ಹೆಮ್ಮೆ ಸಲ್ಲದು. ಸಂಕೇತವೊಂದು ತಲುಪದೆ ಬೇರೆಯಾಗಿ ಹುಟ್ಟಿದವರಿಗೆ ಅವಮಾನವೂ ಸಲ್ಲದು. ಇವೆರಡೂ ಒಂದೇ ತರ್ಕದ ಎರಡು ಮುಖ.

ಸಾಗರದ ಬಳಿಯ ವರದಹಳ್ಳಿಯಲ್ಲಿ 1973ರಲ್ಲಿ ಸಮಾಧಿಸ್ಥರಾದ ಶ್ರೀಧರ ಸ್ವಾಮಿಗಳು ಬ್ರಹ್ಮಚಾರಿ, ಸನ್ಯಾಸಿ. ಅವರ ಸಮಾಧಿಗೆ ಕೈಮುಗಿಯುವ ಯಾರೂ ಅವರಿಗೆ ಮಕ್ಕಳೆಷ್ಟು ಎಂದು ಕೇಳುವುದಿಲ್ಲ. ಒಬ್ಬ ಮನುಷ್ಯನ ಬೆಲೆಯನ್ನು ದೇಹದ ಈ ಲೆಕ್ಕದಿಂದ ಅಳೆಯಬಾರದೆಂಬುದು ಅಲ್ಲಿ ನಮಗೆ ಸಲೀಸಾಗಿ ತಿಳಿಯುತ್ತದೆ. ಸನ್ಯಾಸಿಗೆ ಕೊಡುವ ಈ ರಿಯಾಯಿತಿಯನ್ನು ಪಕ್ಕದ ಮನೆಯ ಮಕ್ಕಳಿಲ್ಲದ ಗಂಡಸಿಗೆ, ಊರು ಆಡಿಕೊಳ್ಳುವ ಹುಡುಗನಿಗೆ ಕೊಡಲು ನಮಗೇಕೆ ಆಗುವುದಿಲ್ಲ?