ಅನ್ಯರ ಮನೆಯ ಅನ್ನ ಮತ್ತು ಅತಿಥಿಯ ಆಚಾರ



ಕೊಡುವವನ ಧರ್ಮವನ್ನು ಕುರಿತು ನಮ್ಮಲ್ಲಿ ಬಹಳ ಹೇಳಲಾಗಿದೆ. ದಾಸೋಹವೆಂಬ ಒಂದೇ ಮಾತಿನಲ್ಲಿ ಅದೆಲ್ಲವೂ ಅಡಗಿದೆ. ಕೊಡುವವನಲ್ಲಿ ನಾನು ಕೊಟ್ಟೆನೆಂಬ ಹಮ್ಮು ಇರಬಾರದು, ಬಾಗಿಲಿಗೆ ಬಂದವರನ್ನು ಕೀಳಾಗಿ ಕಾಣಬಾರದು ಎಂಬುದನ್ನು ಮನೆಯ ಮಕ್ಕಳೂ ಬಲ್ಲರು. ಆದರೆ ತೆಗೆದುಕೊಳ್ಳುವವನು ಹೇಗಿರಬೇಕು? ಅನ್ಯರ ಮನೆಯಲ್ಲಿ ತಿಂಗಳುಗಟ್ಟಲೆ ಉಂಡು ಮಲಗುವವನಿಗೂ ಒಂದು ಆಚಾರವುಂಟೋ, ಇಲ್ಲವೋ? ಈ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ.

ಕೇಳಿಕೊಳ್ಳುವ ಕಾಲ ಈಗ ಬಂದಿದೆ. ಕೃಷ್ಣೆ ತುಂಗಭದ್ರೆಗಳ ನಡುವಿನ ನಮ್ಮ ನಡಿಗಡ್ಡೆಯ ಶಾಂತಿನಗರ, ಗದ್ವಾಲ, ಆಚೆಯ ಮಕ್ತಲ್, ನಾರಾಯಣಪೇಟೆಗಳ ಮಕ್ಕಳು ಓದಿಗಾಗಿ ಮೊದಲು ರಾಯಚೂರಿಗೆ, ಹೈದರಾಬಾದಿಗೆ ಹೋಗುತ್ತಿದ್ದರು. ಈಗ ಕಡಲಾಚೆಯ ದೇಶಗಳಿಗೂ ಹೊರಡುತ್ತಿದ್ದಾರೆ. ಕಾಲೇಜಿನ ಓದಿಗೆ ಮಾತ್ರವಲ್ಲ, ಹೈಸ್ಕೂಲು ವಯಸ್ಸಿನಲ್ಲಿಯೇ ಒಂದು ವರ್ಷ ಪರದೇಶದ ಮನೆಯೊಂದರಲ್ಲಿದ್ದು ಅಲ್ಲಿಯ ಶಾಲೆಯಲ್ಲಿ ಕಲಿಯುವ ಅವಕಾಶವೂ ಇದೆ. ರೋಟರಿ ಸಂಸ್ಥೆ ಇಂತಹ ವಿನಿಮಯವನ್ನು ನಡೆಸುತ್ತದೆ. ಎ.ಎಫ್.ಎಸ್. ಎಂಬ ಸಂಸ್ಥೆಯೂ ನಡೆಸುತ್ತದೆ. ಈ ಎ.ಎಫ್.ಎಸ್. ಹುಟ್ಟಿದ್ದೇ ಸೇವೆಯಿಂದ. ಮೊದಲನೆಯ ಮಹಾಯುದ್ಧದಲ್ಲಿ, 1915ರಲ್ಲಿ, ಫ್ರಾನ್ಸಿನ ರಣಭೂಮಿಯಿಂದ ಗಾಯಾಳುಗಳನ್ನು ಹೊತ್ತು ತರಲು ಮುಂದಾದ ಅಮೆರಿಕದ ಸ್ವಯಂಸೇವಕರು ಇದನ್ನು ಕಟ್ಟಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ದೇಶದೇಶದ ಮಕ್ಕಳು ಒಬ್ಬರ ಮನೆಯಲ್ಲಿ ಒಬ್ಬರು ಉಂಡು ಬೆಳೆದರೆ ಮುಂದೆ ಬಂದೂಕು ಹಿಡಿಯಲಾರರು ಎಂಬ ನಂಬಿಕೆಯಿಂದ ವಿದ್ಯಾರ್ಥಿ ವಿನಿಮಯವನ್ನು ಆರಂಭಿಸಿದರು. ಇಂತಹ ಮಕ್ಕಳನ್ನು ಇಟ್ಟುಕೊಳ್ಳುವ ಮನೆಯವರು ಅದಕ್ಕೆ ಬಾಡಿಗೆ ಪಡೆಯುವುದಿಲ್ಲ. ಅನ್ನ, ಹಾಸಿಗೆ, ಅಕ್ಕರೆ ಎಲ್ಲವೂ ಪುಕ್ಕಟೆ.

ಶಾಂತಿನಗರದ ಹತ್ತಿಬೀಜ ಬೆಳೆಯುವ ಮನೆಯೊಂದರ ಹದಿನಾರು ವರ್ಷದ ಹುಡುಗನೊಬ್ಬ ಹೀಗೆ ಫ್ರಾನ್ಸಿಗೆ ಹೋದನೆಂದು ಭಾವಿಸೋಣ. ಅಲ್ಲಿ ಫೆಬ್ರವರಿ, ಮಾರ್ಚಿನ ಸುಮಾರಿಗೆ ಶಾಲೆಗಳಿಗೆ ಎರಡು ವಾರ ಚಳಿಗಾಲದ ರಜೆ. ಎಲ್ಲರೂ ಒಮ್ಮೆಗೇ ಬೆಟ್ಟಕ್ಕೆ ನುಗ್ಗಬಾರದೆಂದು ದೇಶವನ್ನು ಮೂರು ವಲಯ ಮಾಡಿ ಸರದಿಯಂತೆ ರಜೆ ಕೊಡುತ್ತಾರೆ. ಅನುಕೂಲವುಳ್ಳವರು ಆಗ ಆಲ್ಪ್ಸ್ ಪರ್ವತಕ್ಕೆ ಸ್ಕೀ ಆಡಲು ಹೋಗುತ್ತಾರೆ. ಬೂಟಿಗೆ ಬಿಗಿದ ಎರಡು ಉದ್ದನೆಯ ಪಟ್ಟಿಗಳ ಮೇಲೆ ನಿಂತು ಹಿಮದ ಇಳಿಜಾರಿನಲ್ಲಿ ಜಾರಿ ಬರುವ ಆಟವೇ ಸ್ಕೀ. 1924ರಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ ನಡೆದ ಶಾಮೊನಿ ಪಟ್ಟಣ ಇರುವುದು ಈ ಬೆಟ್ಟಗಳಲ್ಲಿಯೇ. ಬೇಸಿಗೆಯಲ್ಲಿ ಹಸುಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆದು ಹಾಲು ಕರೆಯುವ ಅಲ್ಲಿಯ ರೈತರಲ್ಲಿ ಎಷ್ಟೋ ಜನ ಚಳಿಗಾಲದಲ್ಲಿ ಜನರನ್ನು ಮೇಲೇರಿಸುವ ತಂತಿ ತೊಟ್ಟಿಲುಗಳಲ್ಲಿ ದುಡಿಯುತ್ತಾರೆ, ಸ್ಕೀ ಕಲಿಸುತ್ತಾರೆ. ಕಾಯಕಕ್ಕೆ ಋತುವಿನ ಹಂಗಿಲ್ಲವೆಂಬುದನ್ನು ಅವರಲ್ಲಿಯೂ ಕಾಣಬಹುದು.

ಆ ಮನೆಯವರು ನಮ್ಮ ಹುಡುಗನನ್ನೂ ಜೊತೆಗೆ ಕರೆದೊಯ್ಯುತ್ತಾರೆ. ಶಿವರಾತ್ರಿಯ ಹೊತ್ತಿಗೆ ನಮ್ಮಲ್ಲಿ ಬಿಸಿಲೇರುವಾಗ ಅವನು ಮೊಣಕಾಲುದ್ದ ಹಿಮದಲ್ಲಿ ನಿಂತಿರುತ್ತಾನೆ. ಇಳಿಜಾರುಗಳಿಗೆ ಹಸಿರು, ನೀಲಿ, ಕೆಂಪು, ಕಪ್ಪು ಎಂದು ಗುರುತು. ಹಸಿರು ಹೊಸಬರಿಗೆ, ಕಪ್ಪು ಪಳಗಿದವರಿಗೆ. ಪಟ್ಟಿಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂಬದಿಯನ್ನು ಅಗಲಿಸಿ ನಿಲ್ಲುವುದೇ ಅಲ್ಲಿಯ ಮೊದಲ ಪಾಠ. ಓಡುವುದಕ್ಕಿಂತ ಮೊದಲು ನಿಲ್ಲುವುದನ್ನು, ಬಿದ್ದ ಮೇಲೆ ಏಳುವುದನ್ನು ಕಲಿಸುತ್ತಾರೆ. ಆ ಮನೆಯ ಎಂಟು ವರ್ಷದ ಮಗು ಹಕ್ಕಿಯಂತೆ ಇಳಿದು ಹೋಗುವಾಗ ಹದಿನಾರರ ಹುಡುಗ ಹತ್ತು ಸಲ ಬೀಳುತ್ತಾನೆ. ಅವಮಾನವೆಂದು ಮುನಿದು ಕೂತರೆ ಕಲಿಯಲಾರ. ಆ ಮಗುವನ್ನೇ ಗುರುವೆಂದು ತಿಳಿದರೆ ಸಂಜೆಯೊಳಗೆ ಹಸಿರು ಇಳಿಜಾರನ್ನು ದಾಟಿಯಾನು.

ಇದು ಸುಲಭದ ಪರೀಕ್ಷೆ. ಕಠಿಣವಾದದ್ದು ಸಂಜೆ ಊಟದ ಮೇಜಿನ ಮೇಲಿದೆ. ಆಲ್ಪ್ಸಿನ ಸವ್ವಾ ಸೀಮೆಯ ಹೆಮ್ಮೆಯ ಊಟವೆಂದರೆ ಕರಗಿಸಿದ ಚೀಸ್. ರಾಕ್ಲೆಟ್ ಎಂಬುದರಲ್ಲಿ ಅದನ್ನು ಬೇಯಿಸಿದ ಬಟಾಟೆಯ ಮೇಲೆ ಸುರಿದು, ಪಕ್ಕದಲ್ಲಿ ಉಪ್ಪು ಹಾಕಿ ಒಣಗಿಸಿದ ಮಾಂಸವನ್ನಿಡುತ್ತಾರೆ. ಫಾಂಡ್ಯೂ ಎಂಬುದರಲ್ಲಿ ಚೀಸನ್ನು ಬಿಳಿಯ ದ್ರಾಕ್ಷಾಮದ್ಯದೊಡನೆ ಕರಗಿಸುತ್ತಾರೆ. ಮಾಂಸವನ್ನು ಬದಿಗೆ ಸರಿಸಬಹುದು. ಆದರೆ ಆ ಸೀಮೆಯ ಬೋಫೋರ್ ಮೊದಲಾದ ಹೆಸರಾಂತ ಚೀಸುಗಳಿಗೆ ಹಾಲು ಒಡೆಯಲು ಹಾಕುವ ಹೆಪ್ಪು ಎಳೆಗರುವಿನ ಹೊಟ್ಟೆಯಿಂದ ತೆಗೆದದ್ದು. ಕಣ್ಣಿಗೆ ಅದು ಬರಿಯ ಹಾಲಿನ ಪದಾರ್ಥ. ತಿಳಿದವನಿಗೆ ಅಲ್ಲ.

ಈಗ ಹುಡುಗ ಏನು ಮಾಡಬೇಕು? ಅಕ್ಕರೆಯಿಂದ ಬಡಿಸಿದ ಆ ತಾಯಿಯ ಮನಸ್ಸು ನೋಯಬಾರದು, ಸುಮ್ಮನೆ ಎರಡು ತುತ್ತು ತಿಂದುಬಿಡಲಿ ಎಂದು ಕೆಲವರು ಹೇಳುತ್ತಾರೆ. ಇಂತಹ ಕಡೆಗೆ ಹೋಗುವುದೇ ಬೇಡ, ಆಚಾರ ಕೆಡುತ್ತದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡು ಮಾತೂ ಒಂದೇ ತಪ್ಪು ಎಣಿಕೆಯಿಂದ ಹುಟ್ಟಿವೆ. ನಿಜ ಹೇಳಿದರೆ ಸ್ನೇಹ ಉಳಿಯುವುದಿಲ್ಲವೆಂಬುದೇ ಆ ಎಣಿಕೆ.

ತಿರುಗಿಸಿ ನೋಡೋಣ. ಫ್ರಾನ್ಸಿನ ಹುಡುಗಿಯೊಬ್ಬಳು ಶಾಂತಿನಗರಕ್ಕೆ ಬಂದು ನಮ್ಮ ಮನೆಯಲ್ಲಿ ಇಳಿದುಕೊಂಡಳೆನ್ನಿ. ಜೋಳದ ರೊಟ್ಟಿ, ಪುಂಡಿಪಲ್ಯ, ಕೆಂಪು ಖಾರದ ಹಿಂಡಿ ಬಡಿಸುತ್ತೇವೆ. ಖಾರ ತಾಳದಿದ್ದರೂ ಆಕೆ ನಗುತ್ತ ಉಂಡು, ರಾತ್ರಿ ಹೊಟ್ಟೆ ಹಿಡಿದು ಅತ್ತಳೆಂದು ನಾಳೆ ತಿಳಿದರೆ ನಮ್ಮ ಮನೆಯ ತಾಯಿಗೆ ಸಂತೋಷವಾದೀತೆ? "ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೇನವ್ವಾ, ಮೊಸರು ಹಾಕುತ್ತಿದ್ದೆನಲ್ಲ" ಎಂದು ಆಕೆಯೇ ನೊಂದುಕೊಳ್ಳುತ್ತಾಳೆ. ನಿಯಮವನ್ನು ಮುಚ್ಚಿಟ್ಟು ಉಣ್ಣುವ ಅತಿಥಿ ತನ್ನ ವ್ರತವನ್ನು ಮುರಿಯುವುದಷ್ಟೇ ಅಲ್ಲ, ಏನೂ ಅರಿಯದ ಅನ್ನದಾತಳನ್ನು ಆ ತಪ್ಪಿನಲ್ಲಿ ಪಾಲುಗಾರಳನ್ನಾಗಿ ಮಾಡುತ್ತಾನೆ. ಹಾಗಾದರೆ ಮರೆಮಾಚಿದ್ದು ಮರ್ಯಾದೆ ಹೇಗಾದೀತು?

ಆದುದರಿಂದ ಹೇಳಬೇಕು. ಎಲ್ಲರೂ ಊಟಕ್ಕೆ ಕೂತ ಮೇಲೆ ಮುಖ ಸಿಂಡರಿಸಿ ಹೇಳುವುದಲ್ಲ, ಆ ಮನೆಗೆ ಕಾಲಿಡುವ ಮೊದಲೇ ಪತ್ರದಲ್ಲಿ ವಿನಯದಿಂದ ತಿಳಿಸಬೇಕು. ಮಾಂಸ, ಮೊಟ್ಟೆ, ಮದ್ಯ ಮುಟ್ಟುವುದಿಲ್ಲ, ಇಂತಹ ಹೆಪ್ಪಿನ ಚೀಸ್ ತಿನ್ನುವುದಿಲ್ಲ, ಬೆಳಿಗ್ಗೆ ಪೂಜೆಗೆ ಹತ್ತು ನಿಮಿಷದ ಏಕಾಂತ ಬೇಕು, ಶಿವರಾತ್ರಿಯಂದು ಉಪವಾಸವಿರುತ್ತೇನೆ ಎಂದು ಬರೆದರೆ ಸಾಕು. ಪ್ರಾಣಿಜನ್ಯವಲ್ಲದ ಹೆಪ್ಪಿನ ಚೀಸೂ ಅಲ್ಲಿಯ ಅಂಗಡಿಗಳಲ್ಲಿ ಸಿಗುತ್ತದೆ. ಬಟಾಟೆ, ರೊಟ್ಟಿ, ಹಣ್ಣು ಇದ್ದೇ ಇವೆ. ಹೇಳಿದ ಮೇಲೆ ಅವರ ತಟ್ಟೆಯ ಕಡೆಗೆ ಹೇಸಿಗೆಯ ಕಣ್ಣು ಹಾಯಿಸಬಾರದು. ತನ್ನ ನಿಯಮ ತನಗೆ. ಅದರಿಂದ ಪರರನ್ನು ಅಳೆಯುವಂತಿಲ್ಲ.

ಎರಡನೆಯ ಪರೀಕ್ಷೆ ಹಣದ್ದು. ಸ್ಕೀ ದುಬಾರಿಯ ಆಟ. ಬೂಟು, ಪಟ್ಟಿ, ತಂತಿ ತೊಟ್ಟಿಲಿನ ಪಾಸು, ಪಾಠ ಎಲ್ಲಕ್ಕೂ ದುಡ್ಡು ಬೇಕು. ಫ್ರಾನ್ಸಿನಲ್ಲಿಯೇ ಬಹುಪಾಲು ಜನ ಈ ರಜೆಗೆ ಹೋಗುವುದಿಲ್ಲ. ಪರದೇಶದವರ ಮುಂದೆ ಮಗ ಸಣ್ಣವನಾಗಬಾರದೆಂದು ಇಲ್ಲಿ ತಂದೆ, ಬೀಜದ ಬೆಳೆಗೆ ತಂದ ಮುಂಗಡದಲ್ಲಿ ಮುರಿದು ಕಳಿಸಿದರೆ ಅದು ಪ್ರೀತಿಯಲ್ಲ, ಬಿಂಕ. "ನಮ್ಮಿಂದ ಇಷ್ಟು ಆಗುತ್ತದೆ, ಇದಕ್ಕಿಂತ ಹೆಚ್ಚಾಗದು" ಎಂದು ಹೇಳುವುದರಲ್ಲಿ ನಾಚಿಕೆಯಿಲ್ಲ. ಪೇಟೆಯಲ್ಲಿ ಸಾಲ ಕೇಳಲು ನಾಚದ ನಾವು ನಿಜ ಹೇಳಲು ಏಕೆ ನಾಚಬೇಕು? ಕೇಳಿದ ಮೇಲೂ ಆ ಮನೆಯವರು ಸಂತೋಷದಿಂದ ತಾವೇ ಭರಿಸುತ್ತೇವೆಂದರೆ ಸ್ವೀಕರಿಸಲಿ. ಇಲ್ಲವಾದರೆ ಆಟಕ್ಕೆ ಹೋಗದೆ ಕೆಳಗಿನ ಊರಿನಲ್ಲಿ ಮಕ್ಕಳೊಡನೆ ಹಿಮದ ಜಾರುಬಂಡಿಯಾಡಲಿ, ಸಂಜೆ ಪಾತ್ರೆ ತೊಳೆಯಲಿ, ಬಟಾಟೆ ಸುಲಿಯಲಿ. ಕೈಯಿಂದಾಗುವ ಕೆಲಸವನ್ನು ಬಿಟ್ಟು ಕೂತುಣ್ಣುವವನು ಅತಿಥಿಯಲ್ಲ.

ಕೊನೆಯದು ಋಣದ ಮಾತು. ವ್ಯಾಪಾರಸ್ಥರಾದ ನಮಗೆ ಇದು ತೊಡಕಿನದು. ಬೀಜದ ಮುಂಗಡ ಖಾತೆಯಲ್ಲಿ ಬರೆದಿರುತ್ತದೆ, ಬೀಜ ತೂಗಿದ ದಿನ ಮುರಿದುಕೊಳ್ಳುತ್ತಾರೆ, ಲೆಕ್ಕ ಚುಕ್ತಾ. ಒಂದು ವರ್ಷದ ಅನ್ನ ಅಕ್ಕರೆಗಳನ್ನು ಯಾವ ಪುಟದಲ್ಲಿ ಬರೆಯೋಣ? ನಾಲ್ಕು ನಾರಾಯಣಪೇಟೆ ಸೀರೆ, ಒಂದು ಗದ್ವಾಲ ಸೀರೆ ಕೊಟ್ಟು ಋಣ ತೀರಿತೆಂದುಕೊಳ್ಳುವುದು ಆ ಪ್ರೀತಿಗೆ ಬೆಲೆ ಕಟ್ಟಿದಂತೆ. ಕೊಡಬೇಕು, ಆದರೆ ತೀರಿಸಿದೆವೆಂದು ಎಣಿಸಬಾರದು. ಹಾಗೆಂದು, ಕೊಟ್ಟವರು ಕೊಟ್ಟರು ಎಂದು ಮರೆತುಬಿಡುವುದೂ ಸಲ್ಲದು.

ರಾಜೋಳಿಬಂಡೆಯ ಕಾಲುವೆಯನ್ನು ನೋಡಿರಿ. ಮೇಲಿನ ಹೊಲದವನು ತಾನುಂಡ ನೀರನ್ನು ತುಂಗಭದ್ರೆಗೆ ಹಿಂದಿರುಗಿಸಲಾರ. ತನಗೆ ಬೇಕಾದಷ್ಟು ಹಾಯಿಸಿಕೊಂಡು ತೂಬು ಮುಚ್ಚಿ ಕೆಳಗಿನವನಿಗೆ ಬಿಡಬೇಕು. ಅವನ ಋಣಸಂದಾಯ ಅದೇ. ತುಮಕೂರಿನ ಸಿದ್ಧಗಂಗೆಯಲ್ಲಿ ಉಂಡು ಓದಿದ ಸಾವಿರಾರು ಮಕ್ಕಳಿಗೆ ತಮ್ಮ ಎಲೆಯ ಅನ್ನ ಯಾವ ರೈತನ ಹೊಲದ್ದೆಂದು ತಿಳಿಯದು. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಆ ಮಕ್ಕಳಿಗೆ ಜಾತಿ ಮತ ಕೇಳದೆ ಅನ್ನವಿಟ್ಟರು, ಯಾರ ಮೇಲೂ ಬಾಕಿ ಬರೆದಿಡಲಿಲ್ಲ. ಆ ಋಣ ತೀರುವುದು ಅಲ್ಲಿ ಉಂಡವನು ಇನ್ನೊಬ್ಬರ ಮಗುವಿಗೆ ಎಲೆ ಹಾಕಿದ ದಿನ.

ಗಡಿನಾಡಿನ ನಮಗೆ ಇದು ಹೊಸ ವಿದ್ಯೆಯಲ್ಲ. ನಿಜಾಮನ ಆಳಿಕೆ ಹೋಯಿತು, 1956ರಲ್ಲಿ ಆಂಧ್ರಪ್ರದೇಶವಾಯಿತು, 2014ರಲ್ಲಿ ತೆಲಂಗಾಣವಾಯಿತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಪೇಟೆಯಲ್ಲಿ ಉರ್ದು ಆಡುತ್ತ, ನಮ್ಮದನ್ನು ಬಿಡದೆ ನೆರೆಯವರದನ್ನು ಹಳಿಯದೆ ಬದುಕಿದ್ದೇವೆ. ಆ ಬದುಕನ್ನು ಕಂಡು ಬೆಳೆದ ಮಗು ಆಲ್ಪ್ಸಿನ ಹಿಮದಲ್ಲಿಯೂ ಅತಿಥಿಯಾಗಿ ಬಾಳಬಲ್ಲದು. ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಪೆಟ್ಟಿಗೆಯಲ್ಲಿ ಹಿಂಡಿ, ಕಂಬಳಿ ಕಟ್ಟುವುದರ ಜೊತೆಗೆ ಇದೊಂದು ಮಾತನ್ನೂ ಕಟ್ಟಿಕೊಡಲಿ: ನಿಜ ಹೇಳಿ ಉಣ್ಣು, ಉಂಡ ಮನೆಯಲ್ಲಿ ದುಡಿ, ಉಂಡದ್ದನ್ನು ಮುಂದಿನವರಿಗೆ ನೀಡು. ಮತ್ತು ಮರಳಿ ಬಂದ ವರ್ಷವೇ, ದೂರದ ಮಗುವೊಂದಕ್ಕೆ ನಮ್ಮ ಪಡಸಾಲೆಯಲ್ಲಿಯೂ ಒಂದು ಹಾಸಿಗೆ ಹಾಸಲಿ.