ಸಾವನ್ನು ಹೆಸರಿಸುವ ಹೊಣೆ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಹಳಗನ್ನಡದ ಬರಹಗಳಿವೆ. ಅನ್ನ ನೀರು ತೊರೆದು ದೇಹ ಬಿಟ್ಟ ಮುನಿಗಳ, ಕಂತಿಯರ ಹೆಸರುಗಳನ್ನು ಸುಮಾರು ಏಳನೆಯ ಶತಮಾನದಿಂದಲೇ ಅಲ್ಲಿ ಕೊರೆದಿದ್ದಾರೆ. ಅವರ ಸಾವಿಗೆ ಆ ಶಾಸನಗಳು ಬಳಸುವ ಮಾತು ‘ನೋಂತು ಮುಡಿಪಿದರ್’. ವ್ರತ ನೋತು ಬಾಳು ಮುಗಿಸಿದರು ಎಂದರ್ಥ; ವ್ರತದ ಮಾತು ಅದು. ಓದಿದವರ ತಲೆ ತಾನಾಗಿ ಬಾಗುತ್ತದೆ.

ಇಂಥದೇ ಸಾವನ್ನು 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಆತ್ಮಹತ್ಯೆ ಎಂದಿತು. ನೆರವಾದವರು ಪ್ರಚೋದಕರಾದರು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

ಹತ್ಯೆ ಎಂದೊಡನೆ ಅಪರಾಧಿ ಸಿಕ್ಕಾಯಿತು. ವ್ರತ ಎಂದೊಡನೆ ವಿಚಾರಣೆಯೇ ಬೇಡವಾಯಿತು. ದಿನಬಳಕೆಯ ‘ಉಪವಾಸ’ವನ್ನೇ ನೋಡಿ: ಏಕಾದಶಿಯಂದು ಅದು ಪುಣ್ಯ, ಬರಗಾಲದಲ್ಲಿ ಮಕ್ಕಳು ಉಪವಾಸ ಮಲಗಿದರೆ ಅದು ಊರಿಗೇ ಅವಮಾನ. ಹಸಿದ ಹೊಟ್ಟೆ ಒಂದೇ. ಬೇರೆಯಾಗಿರುವುದು ಹಸಿದವರ ಇಚ್ಛೆ, ಅವರಿಗಿದ್ದ ದಾರಿ.

ಜೈನ ಆಚಾರ್ಯರು ಹೆಸರಿನ ಹಿರಿಮೆಯನ್ನಷ್ಟೇ ನಂಬಿ ಕೂತವರಲ್ಲ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಸಲ್ಲೇಖನಕ್ಕೆ, ಅಂದರೆ ಅನ್ನ ನೀರು ತೊರೆದು ದೇಹ ಬಿಡುವ ಈ ವ್ರತಕ್ಕೆ, ಸಂದರ್ಭಗಳನ್ನು ಗೊತ್ತುಮಾಡುತ್ತದೆ: ಪರಿಹಾರವೇ ಇಲ್ಲದ ವಿಪತ್ತು, ಕ್ಷಾಮ, ಮುಪ್ಪು, ರೋಗ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಇನ್ನೂ ಆಳಕ್ಕಿಳಿದು ಈ ವ್ರತಕ್ಕೆ ಐದು ದೋಷಗಳನ್ನು ಹೇಳುತ್ತದೆ. ಇನ್ನಷ್ಟು ಬದುಕಬೇಕೆಂಬ ಆಸೆ ಒಂದು ದೋಷ. ಬೇಗ ಸಾಯಬೇಕೆಂಬ ಆಸೆಯೂ ದೋಷವೇ! ಈ ಅಳತೆಯಲ್ಲಿ, ಬಾಳು ಸಾಕಾಗಿ ಅನ್ನ ಬಿಟ್ಟವರದು ಸಲ್ಲೇಖನವಾಗದು. ಮನೆಯವರಿಗೆ ಹೊರೆಯಾದೆನೆಂಬ ಸಂಕಟದಿಂದ ಮುದುಕಿಯೊಬ್ಬಳು ಬಟ್ಟಲು ದೂಡಿದರೆ ಅದೂ ಅಲ್ಲ. ಆದ್ದರಿಂದ ವ್ರತದ ಹೆಸರು ಕೇಳಿದಾಗಲೂ ‘ಇದು ಆಕೆಯದೇ ನಿರ್ಧಾರವೇ?’ ಎಂದು ವಿಚಾರಿಸುವುದು ಧರ್ಮನಿಂದೆಯಲ್ಲ. ಅದು ಶಾಸ್ತ್ರವೇ ಒಪ್ಪುವ ಪ್ರಶ್ನೆ.

ಇನ್ನು ಮತ್ತೊಂದು ಶಬ್ದ, ‘ಆತ್ಮಹತ್ಯೆ’. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಸರ್ಕಾರ ಅವರಿಗೆ ಆರೈಕೆ ಒದಗಿಸಬೇಕು ಎಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಂಥ ಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ ದಂಡ ಸಂಹಿತೆಯ 309ನೆಯ ಕಲಮು ಇಲ್ಲ. ಕಾನೂನು ಇಷ್ಟು ದೂರ ಬಂದರೂ ಕನ್ನಡದ ಸುದ್ದಿಯಲ್ಲಿ ಅವರು ಇನ್ನೂ ‘ಹತ್ಯೆ’ ಮಾಡಿಕೊಂಡವರೇ. ಮುನಿಯ ಸಾವಿಗೆ ಗೌರವದ ಮಾತು ಸಲ್ಲಬೇಕೆನ್ನುವವರು, ನೊಂದು ಹೋದವರಿಗಾಗಿಯೂ ಕೊಲೆಯ ನೆರಳಿಲ್ಲದ ಮಾತನ್ನು ಕೇಳಬೇಕು. ಆದರೆ ಸಾಲಕ್ಕೆ ಸೋತು ಹೋದ ರೈತನ ಮನೆಯವರಿಗೆ ಪರಿಹಾರ ಸಿಗಬೇಕಾದರೆ, ಆ ಸಾವು ಇಂದಿಗೂ ‘ರೈತ ಆತ್ಮಹತ್ಯೆ’ ಎಂದೇ ಕಡತ ಸೇರಬೇಕು.